ಅಪ್ಪ ಆರಿಸಿದ ಗಾಡಿ

ಮೊನ್ನೆ ಕಿವಿ ಡಾಕ್ಟರು ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ತಮ್ಮ ಮೊಣಕೈಗೆ ಬಡಿದು ನನ್ನ ಕಿವಿಯ ಮುಂದೆ ಹಿಡಿದರು. ನನಗೇನೂ ಕೇಳಿಸಲಿಲ್ಲ. ಆಮೇಲೆ ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅಷ್ಟೇ ನೋಡಿ, ತಲೆಬುರುಡೆಯೊಳಗೆಲ್ಲ ಗುಂಯ್ ಎಂದು ಸದ್ದು ತುಂಬಿಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಡಾಕ್ಟರು ಚಿಕ್ಕ ವಯಸ್ಸಿನವರು, ನೋವಾಯಿತೆಂದು ತಿಳಿದು ಕಡ್ಡಿಯನ್ನು ಸರಕ್ಕನೆ ಹಿಂದೆಳೆದರು. ನೋವಲ್ಲ ಅಂತ ಕೈ ಆಡಿಸಿದೆ. ಅದೇ ಎಲುಬಿಗೆ ಸ್ಕ್ರೂಡ್ರೈವರಿನ ಹಿಡಿ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಒಬ್ಬ ಮನುಷ್ಯ ನೆನಪಾಗಿದ್ದ, ನಮ್ಮಪ್ಪ.

“ಮನ್ಯಾಗ ಮತ್ತ ಯಾರಿಗರೆ ಹಿಂಗ ಇತ್ತೇನ್ರೀ ಅಮ್ಮಾರ? ತಂದಿಗೆ, ತಾಯಿಗೆ?” ಡಾಕ್ಟರು ಪೆನ್ನು ಹಿಡಿದು ಕೇಳಿದರು.

“ಇಲ್ರೀ. ಯಾರಿಗೂ ಇದ್ದಿಲ್ಲ,” ಅಂದೆ.

ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಹಸಿ ಸುಳ್ಳು. ಆ ದಿನ ಅದು ಮೊದಲನೆಯ ಸುಳ್ಳೂ ಆಗಿರಲಿಲ್ಲ. ಬೆಳಿಗ್ಗೆ ಇಬ್ಬರು ಮೊಮ್ಮಕ್ಕಳನ್ನು ನನ್ನ ಸಣ್ಣ ಕಾರಿನಲ್ಲಿ ಶಾಲೆಗೆ ಬಿಟ್ಟು, ಕಾಯಿಪಲ್ಯ ತರುತ್ತೇನೆಂದು ಸೊಸೆಗೆ ಹೇಳಿ ಇತ್ತ ಬಂದಿದ್ದೆ. ಹಿಂದಿನ ವಾರ ತಿರುವಿನಲ್ಲಿ ಒಂದು ಲಾರಿ ನಮ್ಮನ್ನು ಸವರಿಕೊಂಡು ಹೋದಾಗ ದೊಡ್ಡ ಮೊಮ್ಮಗಳು, “ಅಜ್ಜಿ, ಅಷ್ಟು ಹಾರ್ನ್ ಹೊಡದ್ರೂ ಕೇಳಸಲಿಲ್ಲೇನು?” ಅಂದಿದ್ದಳು. “ಕೇಳಸ್ತು, ನಾನ ದಾರಿ ಬಿಡಲಿಲ್ಲ,” ಅಂದಿದ್ದೆ. ಮಗು ನಂಬಿತು. ನನಗೆ ಮಾತ್ರ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ.

ಅಪ್ಪ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಇಂಜಿನ್ ಮಿಸ್ತ್ರಿ. ಮಣ್ಣು ನಾದುವ ಯಂತ್ರವನ್ನು ತಿರುಗಿಸುತ್ತಿದ್ದ ದೊಡ್ಡ ಆಯಿಲ್ ಇಂಜಿನ್ ಅವನ ವಶದಲ್ಲಿತ್ತು. ಅವನ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು, ಕಟ್ಟಿಗೆಯ ಹಿಡಿಯದು. ತುದಿಯನ್ನು ಓಡುವ ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡರೆ ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. ಬೆಳಗಾವಿಯಿಂದಲೂ ಲಾರಿಯವರು ಬಂದು ಅವನನ್ನು ಕರೆದೊಯ್ಯುತ್ತಿದ್ದರು. ನಾನು ಸಣ್ಣವಳಿದ್ದಾಗ ಆ ಸ್ಕ್ರೂಡ್ರೈವರಿನಲ್ಲೇ ಏನೋ ಮಂತ್ರವಿದೆಯೆಂದು ತಿಳಿದು, ಕದ್ದು ತಂದು ಬೆಕ್ಕಿನ ಹೊಟ್ಟೆಗೆ ಇಟ್ಟು ಕೇಳಿ, ಮುಂಗೈ ತುಂಬ ಪರಚಿಸಿಕೊಂಡಿದ್ದೆ.

ಕಾರ್ಖಾನೆಯಲ್ಲಿ ಅಪ್ಪ ಬಲು ಮಾತಿನವನು. ಆ ಗದ್ದಲದಲ್ಲಿ ಎಲ್ಲರ ಜೊತೆ ಚಾಷ್ಟಿ ತಮಾಷೆ ಮಾಡುತ್ತಾ, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ತಿರುಗಿ ಕೊಡುತ್ತಾ ಇರುತ್ತಿದ್ದ. ಮನೆಗೆ ಬಂದರೆ ಬಾಯಿಗೆ ಬೀಗ. ಅವ್ವ ಏನಾದರೂ ಕೇಳಿದರೆ ಒಮ್ಮೊಮ್ಮೆ ಉತ್ತರವೇ ಇಲ್ಲ. “ಹೊರಗ ನಗತಾನ, ಮನ್ಯಾಗ ಮಾರಿ ಗಂಟ ಹಾಕತಾನ. ಸೊಕ್ಕು,” ಎಂದು ಅವ್ವ ಗೊಣಗುತ್ತಿದ್ದಳು. ಅಪ್ಪ ಜನ್ಮದಲ್ಲಿ ಒಮ್ಮೆಯೂ “ಏನಂದಿ?” ಎಂದು ಕೇಳಿದವನಲ್ಲ. ನಾವೂ ಅದನ್ನು ಅವನ ಗತ್ತು ಅಂತಲೇ ತಿಳಿದಿದ್ದೆವು.

ಎಂಬತ್ತರ ದಶಕದ ನಡುವೆ ಕಾರ್ಖಾನೆಗೆ ಕರೆಂಟಿನ ಮೋಟರು ಬಂತು. ಗುಂಡಿ ಒತ್ತಿದರೆ ತಿರುಗುವ ಯಂತ್ರಕ್ಕೆ ಮಿಸ್ತ್ರಿ ಯಾಕೆ? ಅಪ್ಪನನ್ನು ಗೌರವದಿಂದಲೇ ಮನೆಗೆ ಕಳಿಸಿದರು. ಆರು ತಿಂಗಳು ಅವನು ಕಟ್ಟೆಯ ಮೇಲೆ ಕೂತು ರಸ್ತೆ ನೋಡಿದ. ನಾನಾಗ ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದೆ, ಹತ್ತೊಂಬತ್ತು ವರ್ಷ. ಶನಿವಾರ ಊರಿಗೆ ಬಂದಾಗಲೆಲ್ಲ ಅವನು ಅಲ್ಲೇ ಇರುತ್ತಿದ್ದ.

ಆಗ ಕರೆಕಳಿಸಿದವರು ಡಾಕ್ಟರಬಾಯಿ, ಊರವರ ಮಾತಿನಲ್ಲಿ ಬಾಯಿಯವರು. ಜೈನರ ಮನೆಯ ಹೆಣ್ಣುಮಗಳು, ಮದುವೆಯಾಗಿರಲಿಲ್ಲ, ಖಾನಾಪುರದಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಕಠಿಣ ಹೆರಿಗೆಯಾದರೆ ತಾಯಿಯನ್ನು ಬೆಳಗಾವಿಗೆ ಸಾಗಿಸಬೇಕು. ಸಿಕ್ಕ ಲಾರಿಗೆ ಕೈ ಮಾಡಿ ಸಾಗಿಸಿ, ದಾರಿಯಲ್ಲೇ ಒಬ್ಬಳನ್ನು ಕಳೆದುಕೊಂಡ ಮೇಲೆ ಅವರು ಹಟ ತೊಟ್ಟಿದ್ದರು. ಹಳೆಯದಾದರೂ ಸರಿ, ಒಂದು ಅಂಬಾಸಿಡರ್ ಕೊಳ್ಳುತ್ತೇನೆ. ಗಾಡಿ ಆರಿಸುವವರೂ ಓಡಿಸುವವರೂ ಮಿಸ್ತ್ರಿಯೇ ಆಗಬೇಕು. ಕಾರ್ಖಾನೆಯ ಲಾರಿ ಓಡಿಸಿ ಅಪ್ಪನಿಗೆ ರೂಢಿಯಿತ್ತು, ಲೈಸೆನ್ಸೂ ಇತ್ತು. ಆ ರಾತ್ರಿ ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಜಗಳ ಶುರುವಾದದ್ದು ಪೆಟ್ರೋಲೋ ಡೀಸೆಲೋ ಎಂಬಲ್ಲಿ. ಬಾಯಿಯವರಿಗೆ ಪೆಟ್ರೋಲ್ ಗಾಡಿ ಬೇಕು, ಅಪ್ಪನಿಗೆ ಡೀಸೆಲ್.

“ಮಳಿಗಾಲದಾಗ ನಮ್ಮ ಹಳ್ಳಗೋಳು ನೋಡೀರಲ್ರಿ ಬಾಯಾರ,” ಎಂದು ಅಪ್ಪ ಅವರ ಅಂಗಳದಲ್ಲಿ ನಿಂತು ದೊಡ್ಡ ದನಿಯಲ್ಲಿ ಹೇಳಿದ್ದ. “ಪೆಟ್ರೋಲ್ ಗಾಡಿ ಬದುಕೂದ ಕಿಡಿ ಮ್ಯಾಲ. ನೀರು ಸಿಡದು ವಾಯರ್ ತೊಯ್ದ್ರ ನಡು ಹಳ್ಳದಾಗ ನಿಂತ ಬಿಡತೈತಿ. ಡೀಸೆಲ್ಲಿಗೆ ಕಿಡಿನ ಬ್ಯಾಡ.”

“ಛಳಿಗಾಲದಾಗ ಡೀಸೆಲ್ ಗಾಡಿ ಹೀಟರ್ ಹಚ್ಚಿ ಇಪ್ಪತ್ತು ಎಣಿಸಿದ ಮ್ಯಾಲೆ ಚಾಲೂ ಆಗತೈತಿ ಅಂತಾರ. ಬ್ಯಾನಿ ತಿನ್ನೂ ಹೆಣ್ಣಮಗಳನ್ನ ಕುಂದರಿಸಿ ನೀವು ಅಂಕಿ ಎಣಸ್ತೀರೇನು?”

ಅಪ್ಪ ಅವರ ಮುಖವನ್ನೇ ನೋಡುತ್ತಾ ನಿಂತಿದ್ದ. “ಹತ್ತ ಎಣಸ್ತೀನ್ರಿ,” ಅಂದ. ಬಾಯಿಯವರು ನಕ್ಕರು. ಆದರೆ ಒಪ್ಪಲಿಲ್ಲ. ಎರಡನ್ನೂ ನೋಡೋಣ, ಓಡಿಸೋಣ, ಆಮೇಲೆ ತೀರ್ಮಾನ ಅಂದರು.

ಊರಿಗೆಲ್ಲ ಸುದ್ದಿಯಾಗಿ, ಎತ್ತಿನ ಗಾಡಿಯ ಹೊರತು ಬೇರೇನೂ ಕಾಣದವರೂ ಪೆಟ್ರೋಲು ಡೀಸೆಲ್ಲುಗಳ ಬಗ್ಗೆ ತೀರ್ಪು ಕೊಟ್ಟರು. ನನಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಕೆಲಸ ಕೊಡುವವರು ಬಾಯಿಯವರು, ಗಾಡಿ ಅವರದು, ಡೀಸೆಲ್ ಅಗ್ಗವಾದರೆ ಉಳಿಯುವ ದುಡ್ಡೂ ಅವರದೇ. ಮುಳುಗುವವನ ಹಾಗೆ ಅಪ್ಪ ಡೀಸೆಲ್ಲಿಗೆ ಯಾಕೆ ಜೋತುಬಿದ್ದಿದ್ದಾನೆ? ಹೀಗೇ ಹಟ ಹಿಡಿದರೆ ಕೈಗೆ ಬಂದ ಕೆಲಸ ತಪ್ಪಿಹೋದೀತೆಂದು ಅವ್ವ ಒಲೆಯ ಮುಂದೆ ಕೂತು ಹೆದರುತ್ತಿದ್ದಳು.

ಕಾರ್ತಿಕದ ಒಂದು ರವಿವಾರ ಬೆಳಗಾವಿಗೆ ಹೋದೆವು. ಕಾಗದಪತ್ರ ಓದಲೆಂದು ನನ್ನನ್ನೂ ಕರೆದುಕೊಂಡಿದ್ದರು. ಡೀಸೆಲ್ ಗಾಡಿ ಖಾಸಬಾಗದ ಸೀರೆ ವ್ಯಾಪಾರಿಯೊಬ್ಬರದು. ಅಪ್ಪ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಇಟ್ಟು, ಕಿವಿಯ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚಿದ. ಮುಖ ಅರಳಿತು. ಹತ್ತಿ ಕೂತು ಹೊರಟೆವು. ಕಿಟಕಿಯ ಗಾಜು ಗಡಗಡ, ಸೀಟು ಗಡಗಡ, ನಮ್ಮ ಹಲ್ಲೂ ಗಡಗಡ. ಬಾಯಿಯವರು ಹಿಂದಿನ ಸೀಟಿನಿಂದ ಅರಚಿ ಕೇಳುತ್ತಿದ್ದರು, ಅಪ್ಪ ಒಂದು ಮಾತೂ ಬಿಡದೆ ಉತ್ತರ ಕೊಡುತ್ತಿದ್ದ. ಚಾಷ್ಟಿ ಮಾಡಿದ, ನಕ್ಕ. ಕಾರ್ಖಾನೆಯ ಅಪ್ಪ ತಿರುಗಿ ಬಂದಿದ್ದ. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೂ ಡೀಸೆಲ್ಲಿನ ಕಡೆಗೇ ವಾಲಿದೆ.

ಇಳಿದ ಮೇಲೆ ಬಾಯಿಯವರು ತಲೆ ಹಿಡಿದುಕೊಂಡರು. “ಹಿಟ್ಟಿನ ಗಿರಣ್ಯಾಗ ಕುಂತಂಗಾತು ಮಿಸ್ತ್ರಿ. ಇದರಾಗ ಬಸುರಿ ಹೆಣ್ಣಮಗಳು ಹ್ಯಾಂಗ ಕುಂದರಬೇಕು?”

ಪೆಟ್ರೋಲ್ ಗಾಡಿ ಮಹಾಂತೇಶ ನಗರದ ವಕೀಲರೊಬ್ಬರದು. ಅವರ ಸೊಸೆಯ ಹೆರಿಗೆ ಮಾಡಿಸಿದ್ದು ಬಾಯಿಯವರೇ, ಹಾಗಾಗಿ ಸಂಜೆಯವರೆಗೆ ಓಡಿಸಿ ನೋಡಿರಿ ಎಂದು ಗಾಡಿಯನ್ನೇ ಕೊಟ್ಟುಬಿಟ್ಟರು. ತಾವೇ ಚಾಲೂ ಮಾಡಿ, ಇಳಿದು, ಬಾಗಿಲು ಹಿಡಿದು ನಿಂತರು. ಅಪ್ಪ ಹತ್ತಿ ಕೂತ. ಕೀಲಿಗೆ ಕೈ ಹಾಕಿ ತಿರುವಿದ.

ಕರ್ರ್ ಎಂದು ಹಲ್ಲು ಹಲ್ಲಿಗೆ ತಿಕ್ಕಿದಂಥ ಸದ್ದು. ಓಡುತ್ತಿರುವ ಇಂಜಿನ್ನನ್ನು ಮತ್ತೆ ಚಾಲೂ ಮಾಡಿದರೆ ಬರುವ ಸದ್ದು ಅದು. ಗಾಡಿ ಕಲಿಯುವ ಹುಡುಗರು ಮಾಡುವ ತಪ್ಪು. ವಕೀಲರ ಮುಖ ಸಪ್ಪಗಾಯಿತು. “ಮಿಸ್ತ್ರಿಯವರ, ಚಾಲೂನ ಐತಲ್ರಿ,” ಅಂದರು. ಅಪ್ಪ ಕೈ ತೆಗೆದು, “ಸ್ಟಾರ್ಟರ್ ಹಲ್ಲು ನೋಡಿದ್ನಿರಿ,” ಅಂದ. ವಕೀಲರು ನಂಬಿದರು, ಬಾಯಿಯವರೂ ನಂಬಿದರು. ಮೂವತ್ತು ವರ್ಷ ಇಂಜಿನ್ ಜೊತೆ ಬದುಕಿದವನ ಮಾತನ್ನು ಯಾರು ನಂಬುವುದಿಲ್ಲ? ಮುಂದಿನ ಸೀಟಿನಲ್ಲಿ ಕೂತಿದ್ದ ನನಗೆ ಅವನ ಹಣೆಯ ಮೇಲಿನ ಬೆವರು ಕಾಣುತ್ತಿತ್ತು.

ಖಾನಾಪುರದ ರಸ್ತೆ ಹಿಡಿದು ಮಚ್ಛೆ ಹಳ್ಳಿಯ ಕಡೆಗೆ ಹೊರಟೆವು. ಗಾಡಿ ನೀರಿನ ಮೇಲೆ ತೇಲಿದಂತೆ ಹೋಗುತ್ತಿತ್ತು. ಸದ್ದೇ ಇಲ್ಲ. ಬಾಯಿಯವರು ಹಿಂದಿನಿಂದ ಮೆಲ್ಲಗೆ, “ಬ್ರೇಕ್ ಹ್ಯಾಂಗ ಅದಾವು ಮಿಸ್ತ್ರಿ?” ಅಂದರು. ಉತ್ತರವಿಲ್ಲ. “ಮಿಸ್ತ್ರಿ, ನಿಮಗ ಸಿಟ್ಟು ಬಂತೇನು?” ಉತ್ತರವಿಲ್ಲ. ಅಪ್ಪ ರಸ್ತೆ ನೋಡುತ್ತಿದ್ದ, ಹುಬ್ಬೂ ಅಲ್ಲಾಡಲಿಲ್ಲ. ನಾನು ಹಿಂದೆ ತಿರುಗಿ, “ಅಪ್ಪ ಗಾಡಿ ಓಡಸೂಮುಂದ ಮಾತಾಡಂಗಿಲ್ರಿ,” ಅಂದೆ. ಖಾಸಬಾಗದಲ್ಲಿ ಗಂಟಲು ಹರಿಯುವಂತೆ ಮಾತಾಡಿದವನ ಬಗ್ಗೆ ಈ ಮಾತು. ಅವ್ವನಿಗೆ ಸಿಗದ ಉತ್ತರಗಳೆಲ್ಲ ಒಂದೊಂದಾಗಿ ನೆನಪಾದವು.

ಕೆಟ್ಟ ರಸ್ತೆಯಲ್ಲೂ ನೋಡೋಣವೆಂದು ಬಾಯಿಯವರು ಕೈ ಚಾಚಿ ಒಂದು ಕಚ್ಚಾದಾರಿ ತೋರಿಸಿದರು. ಅದು ರೈಲು ಹಳಿ ದಾಟಿ ಹೊಲಗಳ ಕಡೆ ಹೋಗುವ ದಾರಿ. ಫಾಟಕವಿಲ್ಲ, ಕಾವಲಿನವನಿಲ್ಲ. ಒಂದು ಬದಿಗೆ ಮಣ್ಣಿನ ದಿಬ್ಬವಿದ್ದದ್ದರಿಂದ ಹಳಿ ದೂರದವರೆಗೆ ಕಾಣುವಂತಿರಲಿಲ್ಲ. ನಾವು ಹಳಿಗೆ ನೂರು ಹೆಜ್ಜೆ ದೂರವಿರುವಾಗ ಸೀಟಿ ಕೇಳಿಸಿತು.

ಅಪ್ಪ ವೇಗ ತಗ್ಗಿಸಲಿಲ್ಲ. ಎರಡನೆಯ ಸೀಟಿ, ಹತ್ತಿರದಲ್ಲೇ. “ಅಪ್ಪಾ, ರೈಲು,” ಅಂದೆ. ಅವನು ತಗ್ಗು ನೋಡಿ ಸ್ಟೇರಿಂಗ್ ತಿರುವಿದ, ಅಷ್ಟೇ. ಅವನ ಸ್ಕ್ರೂಡ್ರೈವರ್ ನನ್ನ ತೊಡೆಯ ಮೇಲಿತ್ತು. ಅದರ ಹಿಡಿಯಿಂದ ಅವನ ಮೊಣಕಾಲಿನ ಚಿಪ್ಪಿಗೆ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಅಪ್ಪ ಬೆಚ್ಚಿ ಬ್ರೇಕ್ ತುಳಿದ. ಗಾಡಿ ಜಗ್ಗಿ ನಿಂತು ಬಂದ್ ಆಯಿತು. ದಿಬ್ಬದ ಮರೆಯಿಂದ ಕಪ್ಪು ಇಂಜಿನ್ನು ಹೊರಬಂದು ನಮ್ಮ ಮುಂದೆ ಹಾದುಹೋಯಿತು. ಒಂದೊಂದು ಡಬ್ಬಿಯೂ ಹೋಗುವತನಕ ಅಪ್ಪ ನನ್ನ ಮುಖ ನೋಡುತ್ತಿದ್ದ, ನಾನು ಅವನ ಮುಖ ನೋಡುತ್ತಿದ್ದೆ.

“ಛಲೋ ಹೊತ್ತಿಗೆ ನಿಲ್ಲಿಸಿದ್ರಿ ಮಿಸ್ತ್ರಿ,” ಎಂದು ಬಾಯಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಬ್ರೇಕ್ ಪಾಸಾತು.”

ಹೊತ್ತು ಇಳಿಯುತ್ತಿತ್ತು. ಬಾಯಿಯವರು ಸೂರ್ಯ ಮುಳುಗಿದ ಮೇಲೆ ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ. ಊಟದ ಡಬ್ಬಿ ತಂದಿದ್ದರು. ಮಾವಿನ ಮರದ ಕೆಳಗೆ ಗಾಡಿ ನಿಲ್ಲಿಸಲು ಕೈ ತೋರಿಸಿ, ಹಿಂದಿನ ಸೀಟಿನಲ್ಲೇ ಬಿಚ್ಚಿ ಉಣ್ಣಲು ಕೂತರು. ನಾನೂ ಅಪ್ಪನೂ ಇಳಿದೆವು. ನನಗೆ ಅವನ ಹತ್ತಿರ ಮಾತಾಡಬೇಕಿತ್ತು. ಆದರೆ ಮೆಲ್ಲಗೆ ಆಡಿದರೆ ಅವನಿಗೆ ಕೇಳಿಸುವುದಿಲ್ಲ, ಕೂಗಿದರೆ ಬಾಯಿಯವರಿಗೆ ಕೇಳಿಸುತ್ತದೆ. ಮೂರು ಮಾರು ದೂರದಲ್ಲಿ ಅವನ ಹೊಟ್ಟೆಪಾಡು ಮೊಸರನ್ನ ಉಣ್ಣುತ್ತಾ ಕೂತಿತ್ತು.

ದಾರಿ ಅವನೇ ಹುಡುಕಿದ. ಇಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿದ. ಒಳಗೆ ಕೈ ಹಾಕಿ ಅದೇನನ್ನೋ ಎಳೆದು ಹಿಡಿದ. ಅಷ್ಟು ಮೆತ್ತಗಿದ್ದ ಇಂಜಿನ್ನು ಭೋರ್ ಎಂದು ಒದರತೊಡಗಿತು. ಪರೀಕ್ಷೆ ಮಾಡುವವನಂತೆ ಬಗ್ಗಿ, ನನ್ನನ್ನು ಕಣ್ಣಲ್ಲೇ ಕರೆದ. ತಂದೆ ಮಗಳು ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿದೆವು.

“ಸೀಟಿ ಕೇಳಸಲಿಲ್ಲೇನು ಅಪ್ಪಾ?”

“ಇಲ್ಲ.”

“ಯಾವಾಗಿಂದ?”

“ನೀ ಸಾಲಿಗೆ ಹೋಗಾಕ ಹತ್ತಿದಾಗಿಂದ. ಮೊದಲ ಒಂದ ಕಿವಿ, ಆಮ್ಯಾಲೆ ಎರಡೂ.”

“ಅವ್ವಗ ಗೊತ್ತೈತೇನು?”

“ಆಕಿಗೆ ನಾ ಸೊಕ್ಕಿನಾಂವ ಅಂತ ಗೊತ್ತೈತಿ. ಹಂಗ ಇರಲಿ. ಸೊಕ್ಕಿನಾಂವನ ಹೇಣತಿಗೆ ಯಾರೂ ಅಯ್ಯೋ ಪಾಪ ಅನ್ನಂಗಿಲ್ಲ.” ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. “ಈ ಗದ್ದಲದಾಗ ನೋಡು, ನೀ ಆಡೂದೆಲ್ಲಾ ನನಗ ಸ್ವಚ್ಛ ಕೇಳಾಕತ್ತೈತಿ. ಯಾಕೋ ನನಗೂ ಗೊತ್ತಿಲ್ಲ. ಡೀಸೆಲ್ ಗಾಡ್ಯಾಗ ಕುಂತವರೆಲ್ಲಾ ಒದರಿ ಮಾತಾಡತಾರವಾ. ಅದರಾಗ ಎಲ್ಲಾರೂ ಕಿವುಡರ. ನಾ ಒಬ್ಬಾಂವ ಅಲ್ಲ. ಡೀಸೆಲ್ ಆತಂದ್ರ ನಡಸ್ಕೊಂಡು ಹೋಗತೀನಿ. ನೀ ಬಾಯಿ ಬಿಡಬ್ಯಾಡ.”

ಅವನು ನನ್ನ ಹತ್ತಿರ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ಹೂಂ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕಪ್ಪು ಇಂಜಿನ್ನು ಇನ್ನೂ ನನ್ನ ಕಣ್ಣಿನಲ್ಲಿತ್ತು.

“ರೈಲು ಬಂದು ನಿನ್ನ ಹಿಂದಿನ ಸೀಟಿನ್ಯಾಗ ಕುಂತು ಒದರಂಗಿಲ್ಲ ಅಪ್ಪಾ,” ಅಂದೆ. “ಹಿಂದ ಕುಂತಾಕಿ ಹೊಟ್ಯಾಗ ಕೂಸು ಇರತೈತಿ. ನೀ ಹೇಳು. ನೀ ಹೇಳಲಿಲ್ಲಂದ್ರ ನಾ ಹೇಳತೀನಿ.”

ಅವನು ಹಿಡಿದದ್ದನ್ನು ಬಿಟ್ಟ. ಇಂಜಿನ್ನು ಮತ್ತೆ ಮೆತ್ತಗಾಯಿತು. ಇನ್ನು ನಾನು ಏನು ಹೇಳಿದರೂ ಅವನಿಗೆ ಕೇಳುವಂತಿರಲಿಲ್ಲ. ಬಾನೆಟ್ ಇಳಿಸಿ, ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

ಬಾಯಿಯವರು ಕೈ ತೊಳೆದು ಬಂದರು. “ಈಗ ಹೇಳ್ರಿ ಮಿಸ್ತ್ರಿ. ಪೆಟ್ರೋಲೋ ಡೀಸೆಲೋ? ನೀವು ಅಂದದ್ದ ಆಖೈರು.”

ಅಪ್ಪ ಅವರ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಡೀಸೆಲ್ ಅಂದರೆ ನಾನು ಬಾಯಿ ತೆರೆಯಬೇಕು. ತೆರೆಯುತ್ತಿದ್ದೆನೇ? ನಿಜ ಹೇಳುತ್ತೇನೆ, ನನಗೆ ಇವತ್ತಿಗೂ ಗೊತ್ತಿಲ್ಲ.

“ಪೆಟ್ರೋಲ್ ತಗೋರಿ, ಬಾಯಾರ,” ಅಂದ ಅಪ್ಪ.

“ವಾರಗಟ್ಟಲೆ ಡೀಸೆಲ್ ಡೀಸೆಲ್ ಅಂತ ನನ್ನ ತಲಿ ತಿಂದ್ರಿ?”

“ಗಾಡಿ ಛಲೋ ಐತ್ರಿ. ದಾರ್ಯಾಗ ಹೆರಿಗಿ ಆದ್ರ ಕೂಸು ಅತ್ತದ್ದು ಕೇಳತೈತಿ.” ಕೈಯಲ್ಲಿದ್ದ ಅರಿವೆಯನ್ನು ಮಡಚಿದ. “ಡ್ರೈವರ್ ಮಾತ್ರ ಬ್ಯಾರೆ ನೋಡ್ಕೋರಿ. ನನ್ನ ಕಣ್ಣು ಮಂದ ಆಗ್ಯಾವು. ರೈಲೂ ಕಾಣಲಿಲ್ಲ. ಮಗಳು ಹೇಳಿದ್ಲು, ನಿಲ್ಲಿಸಿದೆ.”

ಕಣ್ಣು ಅಂದ. ಕಿವಿ ಅನ್ನಲಿಲ್ಲ. ಕೆಲಸ ಬಿಟ್ಟುಕೊಟ್ಟ, ಗುಟ್ಟು ಬಿಟ್ಟುಕೊಡಲಿಲ್ಲ. ನಾನೂ ಸುಮ್ಮನಿದ್ದೆ. ಗಾಡಿ ತಿರುಗಿ ವಕೀಲರ ಮನೆ ಮುಟ್ಟುವವರೆಗೆ ಎಡಬಲ ನೋಡುತ್ತಾ, ಸದ್ದಾದಾಗಲೆಲ್ಲ ಅವನ ಮೊಣಕಾಲು ಮುಟ್ಟುತ್ತಾ ಬಂದೆ.

ಡಾಕ್ಟರಬಾಯಿ ಸುಮ್ಮನೆ ಬಿಡುವವರೇ? ಮುಂದಿನ ವಾರ ಅವರೇ ಅಪ್ಪನನ್ನು ಬೆಳಗಾವಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಆ ವಯಸ್ಸಿಗೆ ಎಲ್ಲರಿಗೂ ಬರುವಂತೆ ಓದುವ ಚಸ್ಮಾ ಬಂತು. ಮಾತು ಉಳಿಸಿಕೊಳ್ಳಬೇಕಲ್ಲ, ಅಪ್ಪ ಅದನ್ನು ಹಗಲೆಲ್ಲಾ ಹಾಕಿಕೊಂಡು ಓಡಾಡಿದ. ಓದುವ ಗಾಜಿನಲ್ಲಿ ರಸ್ತೆ ನೋಡಿ ನೋಡಿ ಎಡವಿದ, ಒಮ್ಮೆ ಗಟಾರಕ್ಕೂ ಬಿದ್ದ. “ಮಾಸ್ತರಂಗ ಕಾಣಸ್ತಾನ,” ಎಂದು ಅವ್ವ ಹೆಮ್ಮೆಪಟ್ಟಳು. ನಗು ಬರುತ್ತದೆ, ಹೌದು. ನನಗೆ ಅಳುವೂ ಬರುತ್ತದೆ.

ಪೆಟ್ರೋಲ್ ಗಾಡಿಗೆ ಬೇರೆ ಡ್ರೈವರ್ ಬಂದ. ಗಾಡಿ ನೋಡಿಕೊಳ್ಳುವ ಕೆಲಸವನ್ನು ಬಾಯಿಯವರು ಅಪ್ಪನಿಗೇ ಕೊಟ್ಟರು. ವಾರಕ್ಕೊಮ್ಮೆ ಅವರ ಅಂಗಳದಲ್ಲಿ ಅಪ್ಪ ಕಿವಿಯ ಹಿಂದೆ ಸ್ಕ್ರೂಡ್ರೈವರ್ ಒತ್ತಿಕೊಂಡು ನಿಲ್ಲುತ್ತಿದ್ದ. ಅವನು ಹೇಳಿದ್ದೂ ಸುಳ್ಳಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಗಾಡಿ ಒಂದು ಹಳ್ಳದಲ್ಲಿ ನಿಂತೇಬಿಟ್ಟಿತು. ಅಪ್ಪನೇ ಹೋಗಿ ವಾಯರು ಒರೆಸಿ ಹೊರಡಿಸಿದ, ತಾಯಿ ಮಗು ಇಬ್ಬರೂ ಉಳಿದರು. ಅಂದಿನಿಂದ ನಾನು ಅಪ್ಪನ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟೇ ಮಾತಾಡುತ್ತಿದ್ದೆ. ಮಗಳಿಗೆ ತಂದೆಯ ಮೇಲೆ ಎಷ್ಟು ಪ್ರೀತಿ ಅಂದರು ಜನ. ಅವನು ಹೋಗಿ ಇಪ್ಪತ್ತು ವರ್ಷವಾಯಿತು. ಅವ್ವನೂ ತನ್ನ ಗಂಡ ಸೊಕ್ಕಿನವನೆಂದೇ ನಂಬಿಕೊಂಡು ಹೋದಳು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಇನ್ನೊಂದು ಕೇಳತೀನ್ರಿ ಅಮ್ಮಾರ. ಗದ್ದಲ ಇದ್ದಲ್ಲೆ ಮಂದಿ ಮಾತು ನಿಮಗ ಹೆಚ್ಚು ಛಲೋ ಕೇಳತಾವೇನು? ಬಸ್ಸಿನ್ಯಾಗ, ಗಿರಣ್ಯಾಗ?”

“ಅದು ನಿಮಗ ಹ್ಯಾಂಗ ಗೊತ್ತು?”

“ಈ ಥರದ ಕಿವುಡಿಗೆ ಅದ ಗುರುತು ಇರತೈತ್ರಿ. ರಕ್ತದಾಗ ಬರತೈತಿ. ಆಪರೇಶನ್ ಐತಿ, ಮಶೀನೂ ಐತಿ. ಹೆದರಬ್ಯಾಡ್ರಿ.”

“ಎಂಬತ್ತೈದರ ಸುಮಾರಿಗೂ ಇತ್ತೇನ್ರೀ ಆಪರೇಶನ್ನು?”

“ಇತ್ತಲ್ರಿ. ಅದಕ್ಕಿಂತ ಮೊದಲೂ ಇತ್ತು.”

ಮಾವಿನ ಮರದ ಕೆಳಗೆ ಅಪ್ಪ ಕಣ್ಣು ಅನ್ನುವ ಬದಲು ಕಿವಿ ಅಂದಿದ್ದರೆ, ಬಾಯಿಯವರು ಅವನನ್ನು ಇಂಥ ಕುರ್ಚಿಯ ಮೇಲೆ ತಂದು ಕೂರಿಸುತ್ತಿದ್ದರು. ಒಂದು ಶಬ್ದದ ಅಂತರ. ಅವನು ಹೇಳಲಿಲ್ಲ, ಸರಿ. ಪಕ್ಕದಲ್ಲಿ ನಿಂತ ನಾನೇಕೆ ಹೇಳಲಿಲ್ಲ? ಹೇಳಿಬಿಡುತ್ತೇನೆಂದು ಬೆದರಿಸಿ ಅವನ ಕೆಲಸ ಬಿಡಿಸಿದೆ. ಹೇಳಿದ್ದರೆ ಅವನ ಕಿವಿಯೇ ತಿರುಗಿ ಬರುತ್ತಿತ್ತೇನೋ. ಮರ್ಯಾದೆ ಉಳಿಸಿದೆನೆಂದು ಇಷ್ಟು ವರ್ಷ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡಿದ್ದೆ.

“ಬರಕೋರಿ ಡಾಕ್ಟರ,” ಅಂದೆ. “ನಮ್ಮಪ್ಪಗ ಇತ್ತು.”

ಹೊರಗೆ ಬಂದು ನನ್ನ ಕಾರಿನ ಪಕ್ಕದಲ್ಲಿ ನಿಂತೆ. ಕೀಲಿ ಕೈಯಲ್ಲಿತ್ತು. ಮೊಮ್ಮಕ್ಕಳ ಶಾಲೆ ಬಿಡುವ ಹೊತ್ತಾಗುತ್ತಿತ್ತು. ಕೀಲಿಯನ್ನು ಚೀಲಕ್ಕೆ ಹಾಕಿ ಸೊಸೆಗೆ ಫೋನ್ ಹಚ್ಚಿದೆ. ರಿಕ್ಷಾ ಹಿಡಿದು ಬಾ, ಇನ್ನು ಮುಂದೆ ಕಾರು ನೀನೇ ಓಡಿಸಬೇಕು ಅಂದೆ. ಗಾಡಿಗೆ ಏನಾಯಿತೆಂದು ಅವಳಿಗೆ ಗಾಬರಿ.

“ಗಾಡಿ ಛಲೋ ಐತಿ,” ಅಂದೆ. “ನನಗ ಕಿವಿ ಕೇಳಸವಲ್ದು.”

ಆ ಕಡೆ ಅವಳು ಏನೋ ಹೇಳಿದಳು. ರೂಢಿಯಂತೆ ಹೂಂ ಅನ್ನಲು ಹೋದವಳು ತಡೆದೆ.

“ಏನಂದಿ?” ಅಂದೆ. “ಜೋರಾಗಿ ಹೇಳವಾ.”